ಸೀರೆ ಕೌಂಟರಿನಿಂದ ಆಸ್ಪತ್ರೆ ವಾರ್ಡಿಗೆ: ಹೆಜ್ಜೆ ಇಡುವ ಮುನ್ನ...

"ಅಯ್ಯೋ, ಆಸ್ಪತ್ರೇಲಿ ಆಯಾ ಕೆಲಸಾನಾ? ಅದಕ್ಕಿಂತ ಸೀರೆ ಅಂಗಡೀಲಿ ನಿಂತಿರೋದೇ ವಾಸಿ ಕಣೆ!"

ಅಂಗಡಿ ಕೆಲಸ ಬಿಟ್ಟು ಆಸ್ಪತ್ರೆ ಸೇರ್ತೀನಿ ಅಂದ ಹೆಣ್ಣುಮಗಳಿಗೆ ಮೊದಲು ಸಿಗುವ ಉತ್ತರ ಸಾಮಾನ್ಯವಾಗಿ ಇದೇ. ಹೇಳುವವರು ಅತ್ತೆ ಇರಬಹುದು, ಅಕ್ಕ ಇರಬಹುದು, ಎದುರುಮನೆಯವರೂ ಇರಬಹುದು. ಒಳ್ಳೆಯದಕ್ಕೇ ಹೇಳ್ತಾರೆ ಅನ್ನಿ. ಆದರೆ ಆ ಒಂದು ಮಾತಿನಿಂದ ಎಷ್ಟು ಜನ ಹಿಂದೆ ಸರಿದಿದ್ದಾರೋ ಲೆಕ್ಕ ಇಟ್ಟವರಿಲ್ಲ. ಆ ಕೆಲಸ ನಿಜಕ್ಕೂ ಏನು, ಅಲ್ಲಿಂದ ಮುಂದೆ ದಾರಿ ಇದೆಯಾ, ಯಾರ ಮಾತು ನಂಬಬೇಕು, ಯಾರ ಮಾತು ನಂಬಬಾರದು ಅನ್ನೋದನ್ನ ಇವತ್ತು ಸ್ವಲ್ಪ ಬಿಡಿಸಿ ನೋಡೋಣ.

ನಮ್ಮಲ್ಲಿ ಎಷ್ಟೋ ಮಂದಿ ಮದುವೆಗೆ ಮುಂಚೆಯೋ, ಮಕ್ಕಳು ಸ್ಕೂಲಿಗೆ ಹೋಗತೊಡಗಿದ ಮೇಲೋ ಅಂಗಡಿಯಲ್ಲಿ ದುಡಿದವರು. 2004ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಫೋರಂ ಮಾಲ್ ತೆರೆಯಿತು. ಆಮೇಲೆ ಒಂದರ ಹಿಂದೆ ಒಂದು ಮಾಲ್, ಸೂಪರ್ ಮಾರ್ಕೆಟ್ ಬಂದವು. ಚಿಕ್ಕಪೇಟೆ, ಗಾಂಧಿಬಜಾರ್, ಮಲ್ಲೇಶ್ವರದ ಹಳೆಯ ಅಂಗಡಿಗಳ ಜತೆಗೆ ಹುಡುಗಿಯರಿಗೆ ಹೊಸ ಕೆಲಸಗಳೂ ಸಿಕ್ಕವು. ಯೂನಿಫಾರಂ ಹಾಕ್ಕೊಂಡು, ಏಸಿಯಲ್ಲಿ ನಿಂತು ದುಡಿಯೋದು ನೋಡಲು ಚೆಂದ. ನಿಂತವರ ಕಾಲು ನೋವು ಕೇಳಬೇಕಷ್ಟೆ! ವರಮಹಾಲಕ್ಷ್ಮಿ, ದಸರಾ, ದೀಪಾವಳಿ ಬಂತೆಂದರೆ ಊಟಕ್ಕೂ ಪುರುಸೊತ್ತಿಲ್ಲ. ಅಂಗಡಿಯಲ್ಲಿ ಗಿರಾಕಿ ಇಲ್ಲದಿದ್ದರೂ ಕೂರುವಂತಿಲ್ಲ. ಸೇಲ್ಸ್‌ನವರಿಗೆ ಕೂರುವ ಹಕ್ಕು ಕೊಡಲು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು ಅಂದರೆ ಪರಿಸ್ಥಿತಿ ಹೇಗಿತ್ತು ಯೋಚಿಸಿ.

ಹೋಗಲಿ, ನಿಲ್ಲೋದನ್ನೂ ಸಹಿಸಿಕೊಳ್ಳಬಹುದು. ದೊಡ್ಡ ತೊಂದರೆ ಬೇರೆ. ಹತ್ತು ವರ್ಷ ಸೀರೆ ಮಡಿಸಿದರೂ ಹನ್ನೊಂದನೇ ವರ್ಷ ಮಾಡೋದು ಅದೇ ಕೆಲಸ. ಇನ್ನೊಂದು ಅಂಗಡಿಗೆ ಹೋದರೆ ಮತ್ತೆ ಹೊಸಬರ ಸಂಬಳ. ವಯಸ್ಸು ನಲವತ್ತರ ಹತ್ತಿರ ಬಂದಾಗ ಮಾಲೀಕರ ಕಣ್ಣು ಇಪ್ಪತ್ತರ ಹುಡುಗಿಯ ಮೇಲೆ. 2020ರ ಲಾಕ್‌ಡೌನ್‌ನಲ್ಲಿ ಬಟ್ಟೆ ಅಂಗಡಿಗಳ ಶಟರ್ ಎಳೆದಾಗ ಇದು ಅನೇಕರಿಗೆ ಚೆನ್ನಾಗಿ ಅರ್ಥವಾಯಿತು. ಅದೇ ಹೊತ್ತಿಗೆ ಆಸ್ಪತ್ರೆಗಳಲ್ಲಿ ಕೈ ಸಾಲದೆ ಹಾಹಾಕಾರ. 2021ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಒಂದು ಲಕ್ಷ ಜನರಿಗೆ ರೋಗಿ ಆರೈಕೆ, ಸ್ಯಾಂಪಲ್ ಸಂಗ್ರಹ ಮುಂತಾದ ಆರು ಕೆಲಸಗಳಿಗೆ ತುರ್ತು ತರಬೇತಿ ಕೊಡಲು ಹೊರಟಿದ್ದು ನೆನಪಿರಬಹುದು.

ಖಾಲಿ ಕೈಯಲ್ಲಿ ಹೋಗ್ತಿಲ್ಲ!

"ನನಗೇನು ಬರುತ್ತೆ? ಬರೀ ಅಂಗಡಿ ಕೆಲಸ" ಅನ್ನುವವರೇ ಹೆಚ್ಚು. ಸ್ವಲ್ಪ ನಿಲ್ಲಿ. ಐವತ್ತು ಸೀರೆ ಬಿಚ್ಚಿಸಿ ಒಂದೂ ಕೊಳ್ಳದೆ ಹೋಗುವ ಗಿರಾಕಿಯ ಮುಂದೆ ಮುಖ ಕೆಡಿಸಿಕೊಳ್ಳದೆ ನಿಲ್ಲೋದು ಸುಲಭವಾ? ನೋವಿನಲ್ಲಿ ಸಿಡುಕುವ ರೋಗಿಯ ಮುಂದೆ, ಗಾಬರಿಯಲ್ಲಿ ಕೂಗಾಡುವ ಅವರ ಮಗನ ಮುಂದೆ ಬೇಕಾದದ್ದು ಇದೇ ತಾಳ್ಮೆ. ಕನ್ನಡ, ತಮಿಳು, ತೆಲುಗು, ಹಿಂದಿ ನಾಲ್ಕರಲ್ಲೂ ನಾಲ್ಕು ಮಾತಾಡಿ ಗೊತ್ತಿರೋದು ವಾರ್ಡಿನಲ್ಲಿ ದೊಡ್ಡ ಆಸ್ತಿ. ಸಂಜೆ ಕ್ಯಾಶ್ ಟ್ಯಾಲಿ ಮಾಡಿದವರಿಗೆ ಎಷ್ಟು ನೀರು ಕುಡಿದರು, ಎಷ್ಟು ಮೂತ್ರ ಹೋಯಿತು ಅಂತ ಚಾರ್ಟ್ ತುಂಬೋದು ಕಷ್ಟವಲ್ಲ. ಸ್ಟಾಕ್ ಎಣಿಸಿದ ಕೈಗೆ ಲಿನನ್, ಗ್ಲೌಸ್ ಲೆಕ್ಕ ಇಡೋದೂ ಹೊಸದಲ್ಲ. ಸಂದರ್ಶನದಲ್ಲಿ "ಅಂಗಡಿಯಲ್ಲಿದ್ದೆ" ಅಂತ ತಲೆ ತಗ್ಗಿಸುವ ಬದಲು ಇವನ್ನೇ ಒಂದೊಂದಾಗಿ ಹೇಳಿ.

ಕೆಲಸ ಏನು?

ಈ ಕೆಲಸಕ್ಕೆ ಈಗ ಇರುವ ಹೆಸರು ಜನರಲ್ ಡ್ಯೂಟಿ ಅಸಿಸ್ಟೆಂಟ್, ಚಿಕ್ಕದಾಗಿ ಜಿಡಿಎ. ರೋಗಿಗೆ ಸ್ನಾನ ಮಾಡಿಸೋದು ಅಥವಾ ಮೈ ಒರೆಸೋದು, ಊಟ ಮಾಡಿಸೋದು, ಹಾಸಿಗೆ ಬದಲಿಸೋದು, ಬೆಡ್‌ಪ್ಯಾನ್ ಕೊಡೋದು, ವೀಲ್‌ಚೇರಿಗೆ ಇಳಿಸೋದು, ಎದ್ದೇಳಲಾರದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳೋದು. ಏನಾದರೂ ವ್ಯತ್ಯಾಸ ಕಂಡರೆ ಕೂಡಲೇ ನರ್ಸ್‌ಗೆ ತಿಳಿಸೋದು. ಇದು ಕೊನೆಯದಾಗಿ ಹೇಳಿದ್ದಾದರೂ ಎಲ್ಲಕ್ಕಿಂತ ಮುಖ್ಯ. ದಿನವಿಡೀ ರೋಗಿಯ ಹತ್ತಿರ ಇರುವವರು ಇವರೇ ತಾನೆ?

ಹಾಗೇ ಏನು ಮಾಡಬಾರದು ಅನ್ನೋದೂ ಗೊತ್ತಿರಬೇಕು. ಇಂಜೆಕ್ಷನ್ ಕೊಡೋದು, ಡ್ರಿಪ್ ವೇಗ ಬದಲಿಸೋದು, ಯಾವ ಮಾತ್ರೆ ಅಂತ ನಿರ್ಧರಿಸೋದು ಈ ಕೆಲಸದವರದ್ದಲ್ಲ. "ಇವತ್ತೊಂದಿನ ನೀವೇ ಚುಚ್ಚಿಬಿಡಿ" ಅಂದರೂ ವಿನಯವಾಗಿ ಇಲ್ಲ ಅನ್ನಬೇಕು. ಏನಾದರೂ ಹೆಚ್ಚುಕಡಿಮೆಯಾದರೆ ಸಿಕ್ಕಿಬೀಳುವವರು ನೀವೇ.

ಹೇಸಿಗೆ ಆಗಲ್ವಾ? ಆಗುತ್ತೆ. ಮೊದಲ ವಾರ ಊಟ ಸೇರದಿರಬಹುದು. ಆದರೆ ಮಕ್ಕಳ ಕಕ್ಕ ತೊಳೆದ, ಹಾಸಿಗೆ ಹಿಡಿದ ಮಾವನಿಗೆ ಗಂಜಿ ಕುಡಿಸಿದ ನಮಗೆ ಇದು ತೀರಾ ಗೊತ್ತಿಲ್ಲದ ಲೋಕವೇನಲ್ಲ. ಮನೆಯಲ್ಲಿ ಸಂಬಳವಿಲ್ಲದೆ ಮಾಡಿದರೆ "ಒಳ್ಳೆ ಸೊಸೆ", ಆಸ್ಪತ್ರೆಯಲ್ಲಿ ಸಂಬಳಕ್ಕೆ ಮಾಡಿದರೆ "ಆಯಾ" ಅಂತ ಮೂಗು ಮುರಿಯೋದು ಯಾವ ನ್ಯಾಯ? ನೀವೇ ಹೇಳಿ.

ಈ ಕೆಲಸದ ಬೆಲೆ ಏನು ಅಂತ ತಿಳಿಯಲು ಅರುಣಾ ಶಾನಭಾಗ್ ಅವರನ್ನು ನೆನೆದರೆ ಸಾಕು. ಉತ್ತರ ಕನ್ನಡದ ಹಳದೀಪುರದ ಹೆಣ್ಣುಮಗಳು, ಮುಂಬೈ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರಲ್ಲಿ ಅದೇ ಆಸ್ಪತ್ರೆಯ ವಾರ್ಡ್ ಬಾಯ್ ನಡೆಸಿದ ಕ್ರೂರ ದಾಳಿಯಿಂದ ಹಾಸಿಗೆ ಹಿಡಿದರು. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಅಂದರೆ ಸುಮಾರು 42 ವರ್ಷ, ಅವರಿಗೆ ಉಣಿಸಿ, ಮೀಯಿಸಿ, ಮಗ್ಗುಲು ಬದಲಿಸಿ ನೋಡಿಕೊಂಡವರು ಅಲ್ಲಿಯ ನರ್ಸ್‌ಗಳು ಮತ್ತು ಸಿಬ್ಬಂದಿ. ಅಷ್ಟು ವರ್ಷ ಮಲಗಿದ್ದವರ ಮೈಮೇಲೆ ಒಂದೇ ಒಂದು ಹಾಸಿಗೆ ಹುಣ್ಣಿಲ್ಲದ್ದನ್ನು ಕಂಡು 2011ರಲ್ಲಿ ಸುಪ್ರೀಂ ಕೋರ್ಟ್ ತನ್ನ ತೀರ್ಪಿನಲ್ಲಿ ಆ ಸಿಬ್ಬಂದಿಯನ್ನು ಮನಸಾರೆ ಹೊಗಳಿತು. ಆರೈಕೆ ಅಂದರೆ ಇದು. ಅದೇ ಕಥೆ ಇನ್ನೊಂದು ಪಾಠವನ್ನೂ ಹೇಳುತ್ತೆ. ಕೆಲಸದ ಜಾಗದಲ್ಲಿ ಹೆಂಗಸರ ಸುರಕ್ಷತೆಯನ್ನು ಮೊದಲೇ ವಿಚಾರಿಸಬೇಕು, ಆಮೇಲಲ್ಲ.

ಸರ್ಟಿಫಿಕೇಟ್ ಹುಷಾರು!

ಈ ಹಾದಿಯಲ್ಲಿ ಮೋಸ ಕಾದಿರೋದು ಇಲ್ಲೇ. "ಆರು ತಿಂಗಳಲ್ಲಿ ನರ್ಸ್ ಆಗಿ" ಅಂತ ಬೋರ್ಡ್ ಹಾಕಿದವರ ಕಡೆ ತಲೆ ಹಾಕಿ ಮಲಗಬೇಡಿ. ಆರು ತಿಂಗಳಲ್ಲಿ ಯಾರೂ ನರ್ಸ್ ಆಗಲ್ಲ. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಂತೆ ಎಎನ್‌ಎಂ ಎರಡು ವರ್ಷ, ಜಿಎನ್‌ಎಂ ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಓದು ಮುಗಿದ ಮೇಲೆ ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಜಿಡಿಎ ಒಂದು ಕೌಶಲ ತರಬೇತಿ, ನರ್ಸಿಂಗ್ ಅಲ್ಲ. ಅದನ್ನು ಅದೇ ಹೆಸರಿನಲ್ಲಿ, ಅದೇ ಬೆಲೆಗೆ ಕಲಿಯಿರಿ.

ಸರಿಯಾದ ಜಿಡಿಎ ಸರ್ಟಿಫಿಕೇಟ್ ಮೇಲೆ ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನಂಥ ಮಾನ್ಯತೆ ಪಡೆದ ಸಂಸ್ಥೆಯ ಹೆಸರಿರುತ್ತದೆ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಡಿ ಈ ತರಬೇತಿಯನ್ನು ಉಚಿತವಾಗಿ ಕೊಡುತ್ತಾ ಬಂದಿದ್ದಾರೆ. ನಮ್ಮ ರಾಜ್ಯದಲ್ಲೂ ಕೌಶಲ್ಯಾಭಿವೃದ್ಧಿ ನಿಗಮ ಇದೆ. ಖಾಸಗಿಯವರಿಗೆ ಸಾವಿರಾರು ರೂಪಾಯಿ ಎಣಿಸುವ ಮುಂಚೆ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಗೆ ಒಮ್ಮೆ ಹೋಗಿ ಬನ್ನಿ. ಬಸ್ ಖರ್ಚೂ ಇಲ್ಲ, 2023ರಿಂದ ಶಕ್ತಿ ಯೋಜನೆ ಇದೆಯಲ್ಲ! ತರಬೇತಿಯಲ್ಲಿ ಬರೀ ಕ್ಲಾಸ್ ಇದ್ದರೆ ಸಾಲದು, ನಿಜವಾದ ಆಸ್ಪತ್ರೆಯಲ್ಲಿ ಎಷ್ಟು ದಿನ ಕೆಲಸ ಕಲಿಸ್ತಾರೆ ಅಂತ ಕೇಳಿ.

ಮೈಕೈ ಮುಟ್ಟುವ ಕೆಲಸ ಬೇಡವೇ ಬೇಡ ಅನ್ನುವವರಿಗೆ ಆಸ್ಪತ್ರೆಯ ರಿಸೆಪ್ಷನ್, ಬಿಲ್ಲಿಂಗ್, ರೆಕಾರ್ಡ್ ವಿಭಾಗ ಇದೆ. ಅಂಗಡಿಯಲ್ಲಿ ಕಂಪ್ಯೂಟರ್ ಬಿಲ್ ಹಾಕಿದವರಿಗೆ ಇದು ಹತ್ತಿರದ ದಾರಿ. ಮೆಡಿಕಲ್ ಸ್ಟೋರ್ ಕೌಂಟರ್ ಕೂಡ ಅಂಗಡಿಯಂತೆಯೇ ಕಂಡೀತು. ಆದರೆ ವೈದ್ಯರ ಚೀಟಿಯ ಮೇಲೆ ಔಷಧಿ ಕೊಡುವ ಹಕ್ಕು ನೋಂದಾಯಿತ ಫಾರ್ಮಸಿಸ್ಟ್‌ಗೆ ಮಾತ್ರ. ಪಿಯುಸಿ ಸೈನ್ಸ್ ಓದಿದವರು ಎರಡು ವರ್ಷದ ಡಿಫಾರ್ಮಾ ಬಗ್ಗೆ ಯೋಚಿಸಬಹುದು.

ಮುಂದಿನ ಮೆಟ್ಟಿಲು ಕಣ್ಣಿಗೆ ಕಾಣುತ್ತಿರಲಿ

ನಿಜ ಹೇಳಿಬಿಡ್ತೀನಿ. ಮೊದಲ ವರ್ಷದ ಸಂಬಳ ಅಂಗಡಿಗಿಂತ ಹೆಚ್ಚೇನೂ ಇರಲಿಕ್ಕಿಲ್ಲ, ಕೆಲವು ಕಡೆ ಕಡಿಮೆಯೂ ಇರಬಹುದು. ಅಷ್ಟಕ್ಕೇ ನಿಂತರೆ ಕಾಲು ನೋವಿನ ಜಾಗದಲ್ಲಿ ಬೆನ್ನು ನೋವು ಬಂದಂತೆ ಆಗುತ್ತೆ, ಅಷ್ಟೆ! ಈ ಕೆಲಸ ಅಂಗಡಿಗಿಂತ ಮೇಲು ಅನ್ನೋದು ಒಂದೇ ಕಾರಣಕ್ಕೆ: ಇಲ್ಲಿ ಮೆಟ್ಟಿಲುಗಳಿವೆ. ಒಂದೆರಡು ವರ್ಷ ವಾರ್ಡಿನಲ್ಲಿ ಪಳಗಿದವರು ಎಎನ್‌ಎಂ ಸೇರಬಹುದು, ಅಲ್ಲಿಂದ ಜಿಎನ್‌ಎಂಗೂ ಹೋಗಬಹುದು.

ಆದರೆ ಗಮನಿಸಿ. ಎಎನ್‌ಎಂಗೆ ಪಿಯುಸಿ ಪಾಸಾಗಿರಬೇಕು, ಆರ್ಟ್ಸ್ ಆದರೂ ಸರಿ. ವಯಸ್ಸು 35 ಮೀರಿರಬಾರದು. ಈಗ ಮೂವತ್ತೆರಡು ಮೂವತ್ತಮೂರು ಆಗಿರುವವರು "ಮುಂದೆ ನೋಡೋಣ" ಅಂತ ಕೂತರೆ ಬಾಗಿಲು ಮುಚ್ಚಿಬಿಡುತ್ತೆ. ಎಎನ್‌ಎಂ ಆದವರಿಗೆ ಜಿಎನ್‌ಎಂ ಸೇರಲು ಆ ವಯಸ್ಸಿನ ತಡೆ ಇಲ್ಲ ಅನ್ನೋದು ಸಮಾಧಾನದ ಮಾತು. ಲ್ಯಾಬ್, ಡಯಾಲಿಸಿಸ್, ಆಪರೇಷನ್ ಥಿಯೇಟರ್ ಟೆಕ್ನಿಷಿಯನ್ ಆಗುವ ಆಸೆಯಿದ್ದರೆ ಚಿಕ್ಕ ಕೋರ್ಸ್ ನಂಬಬೇಡಿ. 2021ರ ಕೇಂದ್ರ ಕಾಯ್ದೆಯ ಪ್ರಕಾರ ಅಂಥವರಿಗೆ ಕನಿಷ್ಠ 2,000 ಗಂಟೆಗಳ ಡಿಪ್ಲೊಮಾ ಅಥವಾ ಪದವಿ ಓದು ಬೇಕು.

ಮನೆಯವರ ಜತೆ ಮೊದಲೇ ಕೂತು ಮಾತಾಡಿ. ಅಂಗಡಿ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತೆ, ಆಸ್ಪತ್ರೆ ಮುಚ್ಚಲ್ಲ. ನೈಟ್ ಡ್ಯೂಟಿ ಇದ್ದೇ ಇರುತ್ತೆ. ಬೆಳಿಗ್ಗೆ ಬಂದು ಮಲಗಿದ ಸೊಸೆಯನ್ನು "ಹಗಲು ಹೊತ್ತು ಮಲಗಿದಾಳೆ" ಅಂದರೆ ಯಾರಿಗೆ ತಾನೇ ಸಂಕಟ ಆಗಲ್ಲ? ನೈಟ್ ಇದ್ದ ವಾರ ಡಬ್ಬಿ ಯಾರು ಕಟ್ತಾರೆ, ಮಗುವನ್ನು ಸ್ಕೂಲಿಗೆ ಯಾರು ಬಿಡ್ತಾರೆ ಅಂತ ಕೆಲಸಕ್ಕೆ ಸೇರುವ ಮುಂಚೆಯೇ ಗಂಡನ ಹತ್ತಿರ ತೀರ್ಮಾನ ಮಾಡಿಕೊಳ್ಳಿ. "ಹೇಗೋ ಆಗುತ್ತೆ" ಅಂತ ಬಿಟ್ಟದ್ದು ಕೊನೆಗೆ ನಿಮ್ಮ ತಲೆಗೇ ಬರುತ್ತೆ.

ನಮಗೂ ಒಂದು ಮಾತು

ಇದನ್ನು ಓದುತ್ತಿರುವ ನಮ್ಮಲ್ಲಿ ಅನೇಕರು ಈ ಕೆಲಸಕ್ಕೆ ಸೇರದೇ ಇರಬಹುದು. ಆದರೆ ಇಂಥವರನ್ನು ಮನೆಗೆ ಕರೆಸುವವರು ಮಾತ್ರ ನಾವೇ. 2011ರ ಜನಗಣತಿಯಲ್ಲೇ ದೇಶದಲ್ಲಿ ಅರುವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚು. ಮಕ್ಕಳು ಅಮೆರಿಕದಲ್ಲಿ, ಅಪ್ಪ ಅಮ್ಮ ಜಯನಗರದಲ್ಲಿ ಅನ್ನೋದು ಈಗ ಮನೆಮನೆ ಕಥೆ. ಅತ್ತೆಯನ್ನು ನೋಡಿಕೊಳ್ಳಲು ಬಂದವರ ಕೈಯಲ್ಲಿ ಪಾತ್ರೆ ತೊಳೆಸೋದು, ಅಡುಗೆಮನೆಯ ಮೂಲೆಯಲ್ಲಿ ಕೂರಿಸಿ ಬೇರೆ ತಟ್ಟೆಯಲ್ಲಿ ಊಟ ಹಾಕೋದು, ವಾರಕ್ಕೊಂದು ರಜೆಯನ್ನೂ ಕೊಡದಿರೋದು... ಇವೆಲ್ಲ ನಾವು ಮಾಡುತ್ತಿಲ್ಲವೇ? ಅವರಿಗೆ ಮರ್ಯಾದೆ ಕೊಟ್ಟರೆ ಈ ಕೆಲಸಕ್ಕೂ ಮರ್ಯಾದೆ ಬರುತ್ತೆ. ನಾಳೆ ನಮ್ಮ ಕೈ ಹಿಡಿದು ಎಬ್ಬಿಸುವವರೂ ಅವರೇ ಅನ್ನೋದನ್ನ ಮರೆಯೋದು ಬೇಡ.

ಸೇರುವ ಮುನ್ನ ಇವನ್ನು ಕೇಳಿ

* ನೇಮಕಾತಿ ಪತ್ರ ಕೊಡ್ತಾರಾ? ಸಂಬಳ ಕೊಡುವವರು ಆಸ್ಪತ್ರೆಯವರೋ, ಏಜೆನ್ಸಿಯವರೋ?

* ಪಿಎಫ್, ಇಎಸ್‌ಐ ಇದೆಯಾ? ಬಾಯಿ ಮಾತಲ್ಲ, ನಂಬರ್ ಕೇಳಿ ಪಡೆಯಿರಿ.

* ಹೆಪಟೈಟಿಸ್ ಬಿ ಲಸಿಕೆ ಹಾಕಿಸ್ತಾರಾ? ಮೊದಲನೆಯದು, ಒಂದು ತಿಂಗಳಿಗೆ, ಆರು ತಿಂಗಳಿಗೆ ಹೀಗೆ ಮೂರು ಡೋಸ್. ಆಸ್ಪತ್ರೆ ತ್ಯಾಜ್ಯ ಮುಟ್ಟುವ ಸಿಬ್ಬಂದಿಗೆ ಈ ಲಸಿಕೆ ಹಾಕಿಸೋದು 2016ರ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಆಸ್ಪತ್ರೆಯ ಹೊಣೆ.

* ಸೂಜಿ ಚುಚ್ಚಿಕೊಂಡರೆ ಯಾರಿಗೆ ಹೇಳಬೇಕು? ತಕ್ಷಣ ಸೋಪು, ನೀರಿನಲ್ಲಿ ತೊಳೆದು ವರದಿ ಮಾಡಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

* ನೈಟ್ ಡ್ಯೂಟಿಗೆ ವಾಹನ ಇದೆಯಾ? ಬಟ್ಟೆ ಬದಲಿಸಲು ಚಿಲಕವಿರುವ ಕೋಣೆ ಇದೆಯಾ?

* ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇದೆಯಾ? ಹತ್ತು ಅಥವಾ ಹೆಚ್ಚು ಜನ ಇರುವ ಕಡೆ 2013ರ ಕಾಯ್ದೆಯಂತೆ ಇದು ಕಡ್ಡಾಯ. ಮನೆಗಳಿಗೆ ಹೋಗಿ ಆರೈಕೆ ಮಾಡುವವರಿಗೂ ಆ ಕಾಯ್ದೆಯ ರಕ್ಷಣೆ ಇದೆ. ಜಿಲ್ಲಾ ಮಟ್ಟದ ಸಮಿತಿಗೆ ದೂರು ಕೊಡಬಹುದು.

* ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ತೀವಿ ಅಂದರೆ? ಒಪ್ಪಬೇಡಿ. ಜೆರಾಕ್ಸ್ ಕೊಡಿ.

ಇಷ್ಟನ್ನೂ ಕೇಳಿದ್ದಕ್ಕೆ "ತುಂಬಾ ಮಾತಾಡ್ತೀರಿ" ಅಂದರಾ? ಹಾಗಾದರೆ ಆ ಜಾಗ ನಿಮಗಲ್ಲ, ಇನ್ನೊಂದು ಬಾಗಿಲು ತಟ್ಟಿ. ಸಮಾಧಾನವಾಗಿ ಉತ್ತರ ಕೊಟ್ಟರೆ ಧೈರ್ಯವಾಗಿ ಸೇರಿ. ಇನ್ನು "ಆಯಾ ಕೆಲಸಾನಾ?" ಅಂದವರಿಗೆ ಈಗಲೇ ಉತ್ತರ ಕೊಡುವ ಅವಸರ ಬೇಡ. ಅವರ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದ ದಿನ, ರೋಗಿಯ ಮಗ್ಗುಲು ಬದಲಿಸೋದು ಹೇಗೆ ಅಂತ ಕೇಳಿಕೊಂಡು ಅವರು ಬರೋದು ನಿಮ್ಮ ಬಾಗಿಲಿಗೇ!