ಕಾಕತಾಳೀಯವೂ ಹಾವಿನ ಕಡಿತವೂ

ತಾಳೆಯ ಮರದ ಮೇಲೆ ಕಾಗೆ ಬಂದು ಕುಳಿತ ಗಳಿಗೆಯಲ್ಲಿಯೇ ಹಣ್ಣು ಕಳಚಿ ಬಿದ್ದರೆ, ಕಾಗೆಯಿಂದಲೇ ಹಣ್ಣು ಬಿತ್ತೆಂದು ನೋಡಿದವರು ಹೇಳುವುದುಂಟು. ಹಿರಿಯರು ಇದನ್ನು ಕಾಕತಾಳೀಯ ನ್ಯಾಯವೆಂದು ಕರೆದರು. ಒಂದರ ಹಿಂದೆ ಇನ್ನೊಂದು ಘಟಿಸಿದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ. ಈ ತಪ್ಪು ತರ್ಕ ಬೇರೆಡೆ ನಗೆಗೆ ವಿಷಯವಾಗಬಹುದು. ಹಾವು ಕಡಿದಾಗ ಮಾತ್ರ ಪ್ರಾಣಕ್ಕೇ ಎರವಾಗುತ್ತದೆ.

“ಇಂಥವರಿಗೆ ಹಾವು ಕಡಿದಿತ್ತು; ಮಂತ್ರ ಹಾಕಿಸಿದರು, ಬೇರು ಅರೆದು ಕುಡಿಸಿದರು, ಬದುಕಿದರು” ಎಂಬ ಮಾತನ್ನು ಹಳ್ಳಿಗಳಲ್ಲಿ ಕೇಳದವರು ವಿರಳ. ಮಾತು ಸುಳ್ಳಲ್ಲ, ಅದರಿಂದ ತೆಗೆಯುವ ತೀರ್ಮಾನ ತಪ್ಪು. ನಮ್ಮ ದೇಶದ ಹಾವುಗಳಲ್ಲಿ ಬಹುಪಾಲು ವಿಷರಹಿತವಾದವು. ವಿಷದ ಹಾವು ಕಡಿದಾಗಲೂ ಕೆಲವೊಮ್ಮೆ ವಿಷ ಮೈಗೆ ಇಳಿಯುವುದಿಲ್ಲ. ಅಂಥವರು ಬೇರು ಕುಡಿಯದಿದ್ದರೂ ಬದುಕುತ್ತಿದ್ದರು.

ಇದರೊಡನೆ ಇನ್ನೊಂದು ದೋಷವೂ ಸೇರಿಕೊಂಡಿದೆ. ಬದುಕಿದವನು ಸಂತೆಯಲ್ಲಿ, ಜಾತ್ರೆಯಲ್ಲಿ ತನ್ನ ಕಥೆ ಹೇಳುತ್ತಾನೆ. ಅದೇ ಬೇರನ್ನು ಕುಡಿದು ತೀರಿಕೊಂಡವನು ಹೇಳಲು ಬರುವುದಿಲ್ಲ. ಮನೆಯವರು “ಆಯುಷ್ಯ ಮುಗಿದಿತ್ತು” ಎಂದು ಸಮಾಧಾನ ತಂದುಕೊಳ್ಳುತ್ತಾರೆ. ಗೆಲುವನ್ನು ಬೇರಿನ ಲೆಕ್ಕಕ್ಕೂ ಸೋಲನ್ನು ವಿಧಿಯ ಲೆಕ್ಕಕ್ಕೂ ಬರೆಯುತ್ತ ಹೋದರೆ ಆ ಬೇರಿನ ಪರೀಕ್ಷೆ ಎಂದಿಗೂ ಆಗದು. 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನರು ಹಾವಿನ ಕಡಿತದಿಂದ ಮೃತಪಟ್ಟರೆಂದು ಅಂದಾಜಿಸಲಾಗಿದೆ. ಅವರಲ್ಲಿ ಬಹುತೇಕರು ಗ್ರಾಮವಾಸಿಗಳು. ಕರ್ನಾಟಕ ಸರ್ಕಾರವು 2024ರಲ್ಲಿ ಪ್ರತಿಯೊಂದು ಹಾವು ಕಡಿತವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ವಿಧಿಸಿದ್ದು ಸ್ವಾಗತಾರ್ಹ. ಬದುಕಿದವರನ್ನೂ ಸತ್ತವರನ್ನೂ ಒಟ್ಟಿಗೆ ಎಣಿಸಿದಾಗಲೇ ಸತ್ಯ ತಿಳಿಯುತ್ತದೆ.

“ನೋವಿಲ್ಲ, ಆದ್ದರಿಂದ ವಿಷವಿಲ್ಲ” ಎಂಬುದೂ ಮೋಸದ ತರ್ಕವೇ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ಕಡಿದರೆ ನೋವಾಗಲಿ ಊತವಾಗಲಿ ಹೆಚ್ಚಾಗಿ ಕಾಣದು. ಕೆಲವು ಗಂಟೆಗಳಲ್ಲಿ ಕಣ್ಣಿನ ರೆಪ್ಪೆಗಳು ಜೋತುಬಿದ್ದು, ಉಸಿರಾಟವೇ ನಿಲ್ಲಬಹುದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷವಿದೆ. ಅದು ಆಸ್ಪತ್ರೆಯಲ್ಲಿ, ವೈದ್ಯರ ಕಣ್ಗಾವಲಿನಲ್ಲಿ ಕೊಡಬೇಕಾದ ಚುಚ್ಚುಮದ್ದು.

ಆದ್ದರಿಂದ ಸದ್ಭಕ್ತರಲ್ಲಿ ವಿನಂತಿಯಿಷ್ಟೆ: ಹಾವು ಕಡಿದವರಿಗೆ ಧೈರ್ಯ ಹೇಳಿ, ಕಡಿದ ಕೈಕಾಲು ಅಲುಗದಂತೆ ನೋಡಿಕೊಳ್ಳಿ. ಬಿಗಿಯಾಗಿ ಹಗ್ಗ ಕಟ್ಟುವುದು, ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು ಬೇಡ. ಹಾವನ್ನು ಹುಡುಕುತ್ತ ಕಾಲ ಕಳೆಯದೆ 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಹೊರಡಿ. ಪ್ರಾರ್ಥನೆಯನ್ನು ದಾರಿಯಲ್ಲಿಯೂ ಮಾಡಬಹುದು. ಪ್ರತಿವಿಷ ದಾರಿಯಲ್ಲಿ ಸಿಕ್ಕುವುದಿಲ್ಲ.