ನೈರೋಬಿಯ ಬೀದಿಮಕ್ಕಳು

ಆಫ್ರಿಕಾ ಎಂದೊಡನೆ ನಮ್ಮವರ ಕಣ್ಣಮುಂದೆ ಸುಡುಬಿಸಿಲೇ ಬಂದು ನಿಲ್ಲುವುದುಂಟು. ಕೆನ್ಯಾ ದೇಶದ ರಾಜಧಾನಿಯಾದ ನೈರೋಬಿಯಾದರೋ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿರುವ ನಗರ. ಜುಲೈ ತಿಂಗಳ ಇರುಳು ಅಲ್ಲಿ ಮೈ ನಡುಗಿಸುತ್ತದೆ. ಆ ಚಳಿಯಲ್ಲಿ ಅಂಗಡಿಗಳ ಮುಂಗಟ್ಟಿನಲ್ಲಿ ಮಲಗುವ ಬಾಲಕರು ಹಸಿವನ್ನು ಮರೆಯಲೆಂದು ಪಾದರಕ್ಷೆ ಹೊಲಿಯುವವರು ಬಳಸುವ ಅಂಟನ್ನು ಮೂಸುವರು. ಜನ ಅವರನ್ನು 'ಚೊಕೋರಾ' ಎಂದು ಕರೆಯುತ್ತಾರೆ. ಕಸ ಕೆದಕುವವನೆಂಬ ತಾತ್ಸಾರ ಆ ಸ್ವಾಹಿಲಿ ಮಾತಿನಲ್ಲಿದೆ.

1973ರಲ್ಲಿ ಹಾಲೆಂಡ್ ದೇಶದ ಕ್ಯಾಥೊಲಿಕ್ ಪಾದ್ರಿ ಆರ್ನಾಲ್ಡ್ ಗ್ರೋಲ್ ಅವರು ಈ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ಕಟ್ಟಿ, ಅದಕ್ಕೆ 'ಉಂಡುಗು' ಎಂದು ಹೆಸರಿಟ್ಟರು. ಒಡಹುಟ್ಟಿದವರ ಬಾಂಧವ್ಯವೆಂದು ಅದರ ಅರ್ಥ. ಹೆಸರಿನ ಆಯ್ಕೆಯಲ್ಲಿಯೇ ಅವರ ದೃಷ್ಟಿ ತಿಳಿಯುತ್ತದೆ. ಪಾದ್ರಿಗಳೆಂದ ಮೇಲೆ ಮತಾಂತರಕ್ಕಲ್ಲವೇ ಎಂದು ಓದುಗರಲ್ಲಿ ಕೆಲವರು ಶಂಕಿಸಬಹುದು. ಕೆನ್ಯಾದ ಬಹುಸಂಖ್ಯಾತರು ಆಗಲೇ ಕ್ರೈಸ್ತರಾಗಿದ್ದರೆಂಬುದನ್ನು ನೆನೆದರೆ ಆ ಶಂಕೆಗೆ ಹೆಚ್ಚಿನ ಆಧಾರವಿಲ್ಲ.

ಕಾರು ನಿಲ್ಲಿಸಲು ಜಾಗ ತೋರಿಸಿ ಬಿಡಿಗಾಸು ಪಡೆಯುತ್ತಿದ್ದ ಹುಡುಗರು ಆಗ ನಗರದಲ್ಲಿ ಬಹಳವಿದ್ದರು. ಕಾಸು ಎಸೆದವನಿಗೆ ಪುಣ್ಯದ ತೃಪ್ತಿ, ಹುಡುಗನಿಗೆ ಮರುದಿನವೂ ಅದೇ ಬೀದಿ. ಇತ್ತ ಅಲೆಮಾರಿತನವೇ ಅಪರಾಧವೆನ್ನುವ ವಸಾಹತು ಕಾಲದ ಕಾನೂನು 1997ರವರೆಗೂ ಜಾರಿಯಲ್ಲಿದ್ದುದರಿಂದ, ನೆಲೆಯಿಲ್ಲದವರನ್ನು ಹಿಡಿದೊಯ್ಯಲು ಪೊಲೀಸರಿಗೆ ಅಡ್ಡಿಯಿರಲಿಲ್ಲ. ಉಂಡುಗು ಸಂಸ್ಥೆಯು ಹಿಡಿದ ಹಾದಿ ಇವೆರಡಕ್ಕೂ ಭಿನ್ನವಾದುದು. ಪ್ರಾಥಮಿಕ ಶಾಲೆಯ ಹಲವು ವರ್ಷಗಳ ಪಾಠವನ್ನು ಮೂರು ವರ್ಷಕ್ಕೆ ಅಡಕಗೊಳಿಸಿ, ನಾಲ್ಕನೆಯ ವರ್ಷ ಕೈಕಸುಬನ್ನು ಕಲಿಸುವ ಕ್ರಮವನ್ನು ಅದು ರೂಪಿಸಿತು. ಹನ್ನೆರಡು ವಯಸ್ಸಿನ ಹುಡುಗನನ್ನು ಆರರ ಮಕ್ಕಳ ನಡುವೆ ಕೂರಿಸಿದರೆ ಅವನು ನಾಚಿ ಓಡಿಹೋಗುವನೆಂಬ ಸೂಕ್ಷ್ಮವನ್ನು ಇಂತಹ ವ್ಯವಸ್ಥೆ ಬಲ್ಲದು. ನನಗೆ ಅತ್ಯಂತ ಮೆಚ್ಚಾದುದು ಇದೇ.

2003ರಲ್ಲಿ ಕೆನ್ಯಾ ಸರಕಾರವು ಪ್ರಾಥಮಿಕ ಶಿಕ್ಷಣದ ಶುಲ್ಕವನ್ನು ರದ್ದುಗೊಳಿಸಿದಾಗ ಹತ್ತು ಲಕ್ಷಕ್ಕೂ ಮಿಕ್ಕ ಮಕ್ಕಳು ಹೊಸದಾಗಿ ಶಾಲೆಗೆ ಬಂದರು. ಆದರೂ ಬೀದಿಗಳು ಬರಿದಾಗಲಿಲ್ಲ. ತನ್ನ ಅನ್ನವನ್ನು ತಾನೇ ಗಳಿಸಬೇಕಾದ ಬಾಲಕನು ಹಗಲೆಲ್ಲ ತರಗತಿಯಲ್ಲಿ ಕುಳಿತರೆ, ಸಂಜೆಯ ಉಗಾಲಿಯನ್ನು, ಅಂದರೆ ಅವರ ಗೋವಿನಜೋಳದ ಮುದ್ದೆಯನ್ನು, ಬೇರೆ ಯಾರಾದರೂ ಬಡಿಸಬೇಕಾಗುತ್ತದೆ.