ಗಣಕಯಂತ್ರಕ್ಕೂ ಒಬ್ಬ ನೀರುಗಂಟಿ ಬೇಕು

ಸರ್ಕಾರಿ ಶಾಲೆಯ ಗಣಕಯಂತ್ರ ಕೊಠಡಿಗೆ ಬೀಗ ಬಿದ್ದಾಗಲೆಲ್ಲ "ಯಂತ್ರಗಳು ಹಳೆಯವು, ಏನು ಮಾಡಲಾದೀತು?" ಎಂಬ ಮಾತು ಕೇಳಿಬರುತ್ತದೆ. ಅಧ್ಯಾಪಕ ವೃತ್ತಿಯಲ್ಲಿದ್ದಷ್ಟು ಕಾಲವೂ ಈ ಮಾತನ್ನು ಕೇಳಿದ್ದೇನೆ, ಎಂದೂ ಒಪ್ಪಿಲ್ಲ. ನಾನು ಕಂಡ ಯಂತ್ರಗಳಲ್ಲಿ ಅನೇಕವು ಕೆಟ್ಟಿರಲಿಲ್ಲ. ತಾವು ಏಕೆ ಏಳಲಾರೆವೆಂಬುದನ್ನು ಪರದೆಯ ಮೇಲೆ ಒಂದು ಸಾಲಿನಲ್ಲಿ ತಾವೇ ಬರೆದು ತೋರಿಸುತ್ತಿದ್ದವು. ಆ ಸಾಲನ್ನು ಓದಬಲ್ಲವರು ಶಾಲೆಯಲ್ಲಿ ಇರಲಿಲ್ಲ.

ನಮ್ಮ ದೇಶದ ಶಾಲೆಗಳಿಗೆ ಗಣಕಯಂತ್ರ ಹೊಸತೇನಲ್ಲ. 1984ರಲ್ಲಿಯೇ ಕೇಂದ್ರ ಸರ್ಕಾರ 'ಕ್ಲಾಸ್' ಎಂಬ ಯೋಜನೆಯಡಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಯಂತ್ರಗಳನ್ನು ಕೊಟ್ಟಿತ್ತು. ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ 'ಮಾಹಿತಿ ಸಿಂಧು' ಹರಿದುಬಂದಿತು. 2004ರ ಡಿಸೆಂಬರಿನಲ್ಲಿ ಆರಂಭವಾದ ಕೇಂದ್ರದ ಐಸಿಟಿ ಯೋಜನೆ 2010ರಲ್ಲಿ ಪರಿಷ್ಕೃತವಾಯಿತು. ಖಾಸಗಿ ಸಂಸ್ಥೆಯೊಂದು ಯಂತ್ರಗಳನ್ನು ಜೋಡಿಸಿ, ಗೊತ್ತಾದ ಅವಧಿಯವರೆಗೆ ನಡೆಸಿ, ಅನಂತರ ಶಾಲೆಗೆ ಒಪ್ಪಿಸಿ ಹೋಗುವುದು ಇಂತಹ ಯೋಜನೆಗಳಲ್ಲಿ ರೂಢಿಯಾಯಿತು. ಅವಧಿ ಮುಗಿದಾಗ ಯಂತ್ರಗಳು ಉಳಿದವು. ಅವುಗಳ ಮರ್ಮ ಬಲ್ಲವನು ಹೊರಟುಹೋದನು.

ಖರ್ಚು ಉಳಿಸಲೆಂದು ಹಾರ್ಡ್ ಡಿಸ್ಕ್ ಇಲ್ಲದ ಯಂತ್ರಗಳನ್ನು ಒಂದೇ ಸರ್ವರಿಗೆ ಜೋಡಿಸುವ ಪದ್ಧತಿಯೊಂದಿದೆ. ನಮ್ಮ ಕೆರೆಬಿಳಚಿಯವರಿಗೆ ಇದನ್ನು ವಿವರಿಸಲು ಸೂಳೆಕೆರೆಗಿಂತ ಬೇರೆ ಉಪಮೆ ಬೇಡ. ಸರ್ವರೇ ಕೆರೆ. ತಂತಿಗಳು ಸಿದ್ಧನಾಲೆ, ಬಸವನಾಲೆಗಳಿದ್ದಂತೆ. ಮೇಜಿನ ಮೇಲಿನ ಯಂತ್ರಗಳು ಗದ್ದೆಗಳು. ಗದ್ದೆಯಲ್ಲಿ ಸ್ವಂತ ಬಾವಿಯಿಲ್ಲ. ಬರುವ ನೀರೆಲ್ಲ ಕೆರೆಯಿಂದಲೇ ಬರಬೇಕು. ನೀರು ಬಾರದಿದ್ದರೆ ಗದ್ದೆಯನ್ನು ಹಳಿದು ಪ್ರಯೋಜನವಿಲ್ಲ. ನೀರುಗಂಟಿಯಾದವನು ಕಾಲುವೆಯ ಗುಂಟ ನಡೆದು ಎಲ್ಲಿ ಕಟ್ಟಿಕೊಂಡಿದೆಯೆಂದು ನೋಡುತ್ತಾನೆ.

ಗಣಕಯಂತ್ರದಲ್ಲಿಯೂ ಕ್ರಮ ಹೀಗೆಯೇ. ಗುಂಡಿ ಒತ್ತಿದ ಕೂಡಲೇ ಯಂತ್ರವು ಮೊದಲು ತಂತಿಯಲ್ಲಿ ಜೀವವಿದೆಯೇ ಎಂದು ನೋಡುತ್ತದೆ. ಬಳಿಕ ತನಗೊಂದು ವಿಳಾಸ ಕೊಡಿರೆಂದು ಕೂಗುತ್ತದೆ. ಆಮೇಲೆ ತಾನು ತರಬೇಕಾದ ಕಡತದ ಹೆಸರನ್ನು ತಿಳಿದುಕೊಂಡು, ಕಡೆಗೆ ಅದನ್ನು ಸರ್ವರಿನಿಂದ ತರಿಸಿಕೊಳ್ಳುತ್ತದೆ. ಯಾವ ಹಂತದಲ್ಲಿ ನಿಂತಿತೋ ಆ ಹಂತಕ್ಕೊಂದು ಸಂಖ್ಯೆಯುಂಟು.

ಪರದೆಯಲ್ಲಿ ಪಿಎಕ್ಸ್‌ಇ-ಇ61 ಎಂದಿದ್ದರೆ ತಂತಿಯನ್ನು ನೋಡಬೇಕು. ಇಲಿ ಕಡಿದಿರಬಹುದು, ತುದಿಯ ಕ್ಲಿಪ್ಪು ಮುರಿದು ಸಡಿಲವಾಗಿರಬಹುದು, ಸ್ವಿಚ್ಚಿಗೆ ವಿದ್ಯುತ್ತೇ ಇಲ್ಲದಿರಬಹುದು. ಪಕ್ಕದ ಯಂತ್ರದ ತಂತಿಯನ್ನು ಇದಕ್ಕೆ ಸಿಕ್ಕಿಸಿ ನೋಡಿದರೆ ಅರ್ಧ ನಿಮಿಷದಲ್ಲಿ ನಿಜ ತಿಳಿಯುತ್ತದೆ. ಇ51 ಎಂದಿದ್ದರೆ ವಿಳಾಸ ಕೊಡುವವರು ಯಾರೂ ಉತ್ತರಿಸಲಿಲ್ಲವೆಂದು ಅರ್ಥ. ಒಂದೇ ಯಂತ್ರದಲ್ಲಿ ಹೀಗಾದರೆ ದೋಷ ಆ ಕವಲಿನಲ್ಲಿ. ಎಲ್ಲದರಲ್ಲಿಯೂ ಆದರೆ ಸರ್ವರಿನಲ್ಲಿ ಅಥವಾ ಸ್ವಿಚ್ಚಿನಲ್ಲಿ. ಕರೆಂಟು ಹೋಗಿ ಬಂದಾಗ ಎಲ್ಲ ಯಂತ್ರಗಳೂ ಒಟ್ಟಿಗೆ ಎದ್ದು, ಸರ್ವರ್ ಇನ್ನೂ ಕಣ್ಣು ತೆರೆಯುವ ಮೊದಲೇ ಕೂಗಿ ಸುಮ್ಮನಾಗುತ್ತವೆ. ಸರ್ವರ್ ಪೂರ್ತಿ ಸಿದ್ಧವಾದ ಮೇಲೆ ಉಳಿದವನ್ನು ಒಂದೊಂದಾಗಿ ಚಾಲೂ ಮಾಡಿದರೆ ಸಾಕು. ಇ53 ಎಂದರೆ ವಿಳಾಸ ಸಿಕ್ಕಿತು, ಕಡತದ ಹೆಸರು ಸಿಗಲಿಲ್ಲ ಎಂದು. ಯಾರೋ ಅದೇ ಸ್ವಿಚ್ಚಿಗೆ ಬ್ರಾಡ್‌ಬ್ಯಾಂಡ್ ಮೋಡೆಮ್ ಸಿಕ್ಕಿಸಿದ್ದರೆ, ಸರ್ವರಿಗಿಂತ ಮುಂಚೆ ಅದೇ ಉತ್ತರಿಸಿ ದಾರಿ ತಪ್ಪಿಸಿರುವ ಸಂಭವವುಂಟು. ಇ32 ಎಂದರೆ ಹೆಸರೂ ಸಿಕ್ಕಿದೆ, ಕಡತವನ್ನು ಕೊಡಬೇಕಾದ ಸರ್ವರಿನ ಸೇವೆ ಮಾತ್ರ ಓಗೊಡುತ್ತಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಅನ್ಯಾಯಕ್ಕೆ ಗುರಿಯಾದದ್ದು ಇನ್ನೊಂದು ಸಾಲು: ಡಿಸ್ಕ್ ಬೂಟ್ ಫೇಲ್ಯೂರ್. ಇದನ್ನು ಕಂಡು "ಹಾರ್ಡ್ ಡಿಸ್ಕ್ ಹೋಗಿದೆ" ಎಂದು ಪಟ್ಟಿಯಲ್ಲಿ ಬರೆದುಕೊಂಡು ಹೋದವರನ್ನು ನೋಡಿದ್ದೇನೆ. ಇಲ್ಲದ ಹಾರ್ಡ್ ಡಿಸ್ಕ್ ಹೋಗುವುದಾದರೂ ಎಲ್ಲಿಗೆ! ಒಳಗಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಸತ್ತಾಗ ಯಂತ್ರಕ್ಕೆ ತಾನು ತಂತಿಯ ಮೂಲಕ ಏಳಬೇಕೆಂಬುದೇ ಮರೆತುಹೋಗಿ, ಇಲ್ಲದ ಡಿಸ್ಕನ್ನು ಹುಡುಕುತ್ತದೆ. ಗಡಿಯಾರ ಹಳೆಯ ವರ್ಷವನ್ನು ತೋರುವುದೇ ಇದರ ಗುರುತು. ಅಲ್ಪ ಬೆಲೆಯ ಬ್ಯಾಟರಿ ಬದಲಿಸಿ, ಸೆಟಪ್ಪಿನಲ್ಲಿ ನೆಟ್‌ವರ್ಕನ್ನು ಮೊದಲಿಗಿಟ್ಟರೆ ಯಂತ್ರ ಏಳುತ್ತದೆ. ಕುಣಿಯಲು ಬಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆ ನೆನಪಾಗುವುದು ಇಂತಹ ಕಡೆಯೇ.

"ಮೇಷ್ಟ್ರು ಪಾಠ ಮಾಡಬೇಕೋ, ಮೆಕ್ಯಾನಿಕ್ ಆಗಬೇಕೋ?" ಎಂದು ನನ್ನ ಸಹೋದ್ಯೋಗಿಗಳು ಆಕ್ಷೇಪಿಸುತ್ತಿದ್ದರು. ನ್ಯಾಯವಾದ ಪ್ರಶ್ನೆ. ಖಾತರಿಯ ಸೀಲು ಒಡೆಯಿರೆಂದಾಗಲಿ, ವಿದ್ಯುತ್ತಿನೊಡನೆ ಸಾಹಸ ಮಾಡಿರೆಂದಾಗಲಿ ನಾನು ಹೇಳುತ್ತಿಲ್ಲ. ಪೆಟ್ಟಿಗೆ ಬಿಚ್ಚುವ ಕೆಲಸ ಬಲ್ಲವರಿಗೇ ಇರಲಿ. ಆದರೆ ಸಾಲನ್ನು ಓದುವುದಕ್ಕೆ, ತಂತಿ ಬದಲಿಸಿ ನೋಡುವುದಕ್ಕೆ ಏನನ್ನೂ ಬಿಚ್ಚಬೇಕಾಗಿಲ್ಲ. ಜ್ವರ ಅಳೆಯಲು ವೈದ್ಯನಾಗಬೇಕಿಲ್ಲ. "ಮಗುವಿಗೆ ಏನೋ ಆಗಿದೆ" ಎನ್ನುವುದಕ್ಕೂ "ನೂರೆರಡು ಡಿಗ್ರಿ ಇದೆ" ಎನ್ನುವುದಕ್ಕೂ ಇರುವ ಅಂತರವನ್ನು ತಾಯಂದಿರು ಬಲ್ಲರು.

ಕೊಠಡಿ ಮುಚ್ಚಿದರೆ ನಷ್ಟ ಯಾರಿಗೆ? ದಾವಣಗೆರೆಯ ಅನುಕೂಲಸ್ಥರ ಮಕ್ಕಳಿಗಲ್ಲ. ಅವರ ಮನೆಯಲ್ಲಿಯೇ ಯಂತ್ರವಿತ್ತು. ಶಾಲೆಯ ಕೀಲಿಮಣೆಯನ್ನು ಬಿಟ್ಟರೆ ಬೇರೊಂದನ್ನು ಮುಟ್ಟದ ಹಳ್ಳಿಯ ಮಕ್ಕಳಿಗೆ. ಎಷ್ಟು ಯಂತ್ರ ಕೊಟ್ಟೆವೆಂಬ ಲೆಕ್ಕ ಕಡತಗಳಲ್ಲಿ ಸಿಗುತ್ತದೆ. ಅವು ವರ್ಷದಲ್ಲಿ ಎಷ್ಟು ದಿನ ನಡೆದವೆಂಬ ಲೆಕ್ಕವನ್ನೂ ಇಲಾಖೆ ಕೇಳುವಂತಾಗಬೇಕು.

ಇದು ಹಳೆಯ ಮಾತೆಂದು ತಳ್ಳಿಹಾಕುವಂತಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆ ನೆಪದಲ್ಲಿ ಇನ್ನೂ ದುಡಿಯಬಲ್ಲ ಯಂತ್ರಗಳು ಗುಜರಿಗೆ ಹೋಗುವ ಅಪಾಯವಿದೆ. 1999ರಲ್ಲಿ ಹುಟ್ಟಿ, 2019ರಲ್ಲಿ ಹೊಸದಾಗಿ ಬರೆಯಲ್ಪಟ್ಟ ಎಲ್‌ಟಿಎಸ್‌ಪಿ ಎಂಬ ಉಚಿತ ತಂತ್ರಾಂಶದಿಂದ, ಒಂದು ಒಳ್ಳೆಯ ಸರ್ವರಿನ ಆಶ್ರಯದಲ್ಲಿ ಅವುಗಳಲ್ಲಿ ಅನೇಕವನ್ನು ಇನ್ನೂ ಕೆಲವು ವರ್ಷ ನಡೆಸಬಹುದು.

ನನ್ನ ಬೇಡಿಕೆ ದೊಡ್ಡದಲ್ಲ. ಮೇಲಿನ ಸಂಖ್ಯೆಗಳನ್ನೂ ಅವುಗಳ ಅರ್ಥವನ್ನೂ ಕನ್ನಡದಲ್ಲಿ ಬರೆದ ಒಂದು ಹಾಳೆ ಕೊಠಡಿಯ ಗೋಡೆಯ ಮೇಲಿರಲಿ. ಯಾವ ದಿನ ಯಾವ ಯಂತ್ರ ಏನೆಂದಿತು ಎಂದು ಬರೆದಿಡಲು ಒಂದು ಪುಸ್ತಕವಿರಲಿ. ಎರಡು ಹೆಚ್ಚುವರಿ ತಂತಿ ಬೀರುವಿನಲ್ಲಿರಲಿ. ಒಂಬತ್ತನೆಯ ತರಗತಿಯ ಇಬ್ಬರು ಮಕ್ಕಳನ್ನು ಪ್ರತಿವರ್ಷ ನೀರುಗಂಟಿಗಳಾಗಿ ನೇಮಿಸಿ, ಅವರು ಹತ್ತನೆಯ ತರಗತಿ ಮುಗಿಸಿ ಹೋಗುವ ಮುನ್ನ ಮುಂದಿನವರಿಗೆ ಕಲಿಸಿ ಹೋಗುವ ಏರ್ಪಾಡಾಗಲಿ.